ರುಚಿಗೆ ಬಡಿದ ಗೂಟ

ನೀಲಾಂಬಿಕಾಳ ಹಣೆಗೆ ಪಟ್ಟಿ ಕಟ್ಟಿ, ಕಿವಿಯ ಹಿಂದಿನ ಗುಂಡಿಯನ್ನು ಬಿಗಿ ಮಾಡಿದ ಮೇಲೆ ಮುಲ್ಲಾ ಮೇಡಂ ಕೇಳಿದ ಮೊದಲ ಪ್ರಶ್ನೆ ರೋಗದ್ದಲ್ಲ, ಊಟದ್ದು.

“ನಿಮ್ಮನ್ಯಾಗ ಗಿಣ್ಣ ಮಾಡ್ತಾರೇನವಾ?”

“ಮಾಡ್ತಾರ್ರೀ ಮೇಡಂ. ಎಮ್ಮಿ ಈದಾಗೊಮ್ಮೆ ಗೌಳ್ಯಾರು ಹಾಲು ತಂದ್ಕೊಡ್ತಾರ. ನಮ್ಮವ್ವ ಬೆಲ್ಲ, ಯಾಲಕ್ಕಿ ಹಾಕಿ ಮಾಡ್ತಾಳ.”

“ಹಂಗಾರ ಕಣ್ಣ ಮುಚ್ಚು. ಬರೇ ಹೆಸರ ನೆನಸಬ್ಯಾಡ. ಪಾತ್ರಿ ನೆನಸು, ಚಾಕು ನೆನಸು, ಬಾಯಾಗ ಇಟ್ಕೊಂಡಾಗ ಹೆಂಗ ಪುಡಿಪುಡಿ ಆಗ್ತೈತಿ ಅದನ್ನ ನೆನಸು.”

ನೀಲಾ ನೆನೆಸಿದಳು. ಹಿತ್ತಾಳೆಯ ಡಬ್ಬಿ, ಅದರ ಅಂಚಿಗೆ ಚಾಕು ತಗುಲಿದ ಸದ್ದು, ಹಳದಿ ಬಿಳುಪಿನ ಮೆತ್ತನೆಯ ತುಂಡು, ಅವ್ವನ ಬೆರಳು. ಮೇಜಿನ ಮೇಲಿನ ಪರದೆಯಲ್ಲಿ ಹಸಿರು ಗೆರೆ ಏರಿತು. ಮೇಡಂ ಅದನ್ನೇ ಕಾಯುತ್ತಿದ್ದರು. “ಈಗ ಕಣ್ಣ ತೆರಿ,” ಎಂದರು. ಎದುರಿಗೆ, ಕ್ಷಯ ತಗುಲಿ ಉಬ್ಬಿದ ಗಂಟೊಂದನ್ನು ಸೀಳಿ ಇಟ್ಟ ಚಿತ್ರ. ಒಳಗೆ ಹಳದಿ ಬಿಳುಪು, ಮೆತ್ತಗೆ, ಪುಡಿಪುಡಿ. ಪಟ್ಟಿ ಗುಂಯ್‌ಗುಟ್ಟಿತು. ಅಷ್ಟೇ. ಕ್ಷಯದ ಗಂಟು ನೀಲಾಳ ತಲೆಯೊಳಗೆ ಕೂತುಬಿಟ್ಟಿತು. ಯಾರು ಯಾವಾಗ ತಟ್ಟಿ ಎಬ್ಬಿಸಿ ಕೇಳಿದರೂ ಅದಿನ್ನು ಅಲ್ಲಿಂದ ಕದಲುವಂತಿರಲಿಲ್ಲ.

ಯಂತ್ರದ ಕಂಪನಿಯವರು ಅದಕ್ಕಿಟ್ಟ ಹೆಸರು ದೊಡ್ಡದು. ಹಾಸ್ಟೆಲ್ಲಿನ ಹುಡುಗರು ಇಟ್ಟಿದ್ದು ‘ಗೂಟ’. ಹೆಸರು ಸರಿಯಾಗಿಯೇ ಇತ್ತು. ಹಳೆಯ ನೆನಪೊಂದನ್ನು ಹೊರಗೆ ತೆಗೆದಾಗಲೆಲ್ಲ ಅದು ಕೆಲವು ತಾಸು ಹಸಿಯಾಗಿರುತ್ತದೆ, ಆಮೇಲೆ ಮತ್ತೆ ಒಣಗಿ ಗಟ್ಟಿಯಾಗುತ್ತದೆ ಎಂಬುದು ಮಿದುಳಿನ ವಿಜ್ಞಾನಿಗಳಿಗೆ ಬಹಳ ಹಿಂದೆಯೇ ತಿಳಿದಿತ್ತು. ಮಣ್ಣಿನ ಗೋಡೆ ಹಸಿಯಿದ್ದಾಗ ಗೂಟ ಬಡಿದರೆ, ಒಣಗಿದ ಮೇಲೆ ಎತ್ತು ಜಗ್ಗಿದರೂ ಅದು ಬರುವುದಿಲ್ಲ. ನೆನಪು ಹಸಿಯಾದ ಗಳಿಗೆಯನ್ನು ಹಿಡಿದು, ಅದರೊಳಗೆ ಹೊಸ ವಿಷಯವನ್ನು ಬಡಿಯುವುದೇ ಯಂತ್ರದ ಕೆಲಸ.

ಆದರೆ ಹೊರದೇಶದ ಕಂಪನಿ ಯಂತ್ರದ ಜೊತೆಗೆ ಗೋಡೆಗಳನ್ನೂ ತಾನೇ ಆರಿಸಿ ಕಳಿಸಿತ್ತು. ರೋಗಶಾಸ್ತ್ರದ ಪುಸ್ತಕ ಬರೆದ ಹಿಂದಿನ ಸಾಹೇಬರು ತಮ್ಮ ಅಡುಗೆಮನೆಯನ್ನೇ ರೋಗಗಳಿಗೆ ಹಂಚಿಕೊಟ್ಟವರು. ಒಂದು ರೋಗಕ್ಕೆ ಅವರ ಚೀಸು, ಒಂದಕ್ಕೆ ಸೀಳಿದ ಜಾಜಿಕಾಯಿ, ಒಂದಕ್ಕೆ ಯಾವುದೋ ಸಣ್ಣ ಮೀನಿನ ಸಾಸು, ಇನ್ನೊಂದಕ್ಕೆ ಇಲ್ಲಿ ಯಾರೂ ಕಾಣದ ಹಣ್ಣಿನ ಜೆಲ್ಲಿ. ಹುಬ್ಬಳ್ಳಿಯ ಮಲಪ್ರಭಾ ವೈದ್ಯಕೀಯ ಕಾಲೇಜಿನ ಹುಡುಗರಿಗೆ ಪಟ್ಟಿ ಕಟ್ಟಿ ‘ಆ ಮೀನಿನ ಸಾಸು ನೆನಸು’ ಎಂದರೆ ಅವರು ಏನನ್ನು ನೆನೆಸಬೇಕು? ಪರದೆಯ ಗೆರೆ ಏಳಲೇ ಇಲ್ಲ. ಮೊದಲ ವರ್ಷದ ಪ್ರಯೋಗ ನೆಲಕಚ್ಚಿತು.

ಆಗ ಪೆಥಾಲಜಿ ಕಲಿಸುವ ಮೆಹರುನ್ನೀಸಾ ಮುಲ್ಲಾ ಮೇಡಂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ಮೀನಿನ ಸಾಸಿನ ಜಾಗಕ್ಕೆ ಹುಣಸೆಹಣ್ಣಿನ ಗೊಜ್ಜು ಬಂತು. ಜಾಜಿಕಾಯಿಯ ಜಾಗಕ್ಕೆ ಅಡಕತ್ತರಿಯಲ್ಲಿ ಸೀಳಿದ ಅಡಿಕೆ ಬಂತು. ಹೃದಯದ ಹೊರಪೊರೆ ಬಾತು ಅಂಟಂಟಾಗುವ ರೋಗಕ್ಕೆ, ಬೆಣ್ಣೆ ಹಚ್ಚಿ ಒಂದರ ಮೇಲೊಂದಿಟ್ಟು ಬಿಡಿಸಿದ ಎರಡು ಜೋಳದ ರೊಟ್ಟಿ. ಹೀಗೆ ಇಡೀ ಪಠ್ಯ ಉತ್ತರ ಕರ್ನಾಟಕದ ತಾಟಿಗೆ ಇಳಿಯಿತು. ಗೆರೆ ಸರ್ರನೆ ಏರತೊಡಗಿತು.

ನೀಲಾಳಿಗೆ ಈ ಯಂತ್ರ ದೇವರೇ ಕಳಿಸಿದಂತಿತ್ತು. ಹಿಂದಿನ ಸಲ ಪೆಥಾಲಜಿಯಲ್ಲಿ ಆಕೆ ನಪಾಸಾಗಿದ್ದಳು. ಓದದೆ ಅಲ್ಲ. ರೋಗಲಕ್ಷಣಗಳ ಮೊದಲ ಅಕ್ಷರಗಳನ್ನು ಪೋಣಿಸಿ ತಮಾಷೆಯ ವಾಕ್ಯ ಕಟ್ಟಿ, ಬಚ್ಚಲಮನೆಯ ಬಾಗಿಲಿಗೂ ಅಂಟಿಸಿ ಓದಿದ್ದಳು. ಪರೀಕ್ಷೆಯ ದಿನ ವಾಕ್ಯಗಳೆಲ್ಲ ಕ್ರಮವಾಗಿ ನೆನಪಿಗೆ ಬಂದವು. ಯಾವ ಅಕ್ಷರ ಯಾವುದಕ್ಕೆ ಎಂಬುದೊಂದೇ ಬರಲಿಲ್ಲ. ಈ ಸಲವೂ ಹೋದರೆ ಈಗಿನ ಜೊತೆಯವರೂ ವಾರ್ಡುಗಳಿಗೆ ಹೋಗುತ್ತಾರೆ, ತಾನು ಇನ್ನೂ ಕಿರಿಯರ ಬೆಂಚಿನಲ್ಲಿ ಉಳಿಯಬೇಕು.

“ನೀ ಖಾನಾವಳಿ ಮಗಳು,” ಎಂದಿದ್ದರು ಮೇಡಂ, ಪಟ್ಟಿ ಬಿಚ್ಚುತ್ತ. “ನಿನ್ನಷ್ಟ ಗಟ್ಟಿ ಗೋಡಿ ಈ ಕಾಲೇಜಿನ್ಯಾಗ ಯಾರಿಗೂ ಇಲ್ಲ. ಎಷ್ಟ ಗೂಟ ಬೇಕಾದ್ರೂ ಹೊಡಿಬೋದು.”

ಖಾನಾವಳಿ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ನೀಲಾಳ ಅವ್ವ ಈರವ್ವ ಅದನ್ನು ಒಬ್ಬಳೇ ನಡೆಸುತ್ತಿದ್ದಳು. ರೊಟ್ಟಿ ಬಡಿಯಲು ಇಬ್ಬರು ಹೆಂಗಸರು ಬರುತ್ತಿದ್ದರು. ಪಲ್ಯ, ಸಾರು, ಹಿಂಡಿ, ಚಟ್ನಿ ಎಲ್ಲಕ್ಕೂ ಈರವ್ವನದೇ ಕೈ. ಗಿರಾಕಿಗಳಿಗೆ ತಿಳಿಯದ ಸಂಗತಿಯೊಂದಿತ್ತು. ಕೆಲವು ವರ್ಷಗಳ ಹಿಂದೆ ಬಂದ ಕೆಟ್ಟ ಜ್ವರವೊಂದು ಈರವ್ವನ ಮೂಗನ್ನು ಒಯ್ದುಬಿಟ್ಟಿತ್ತು. ಉಪ್ಪು, ಹುಳಿ ನಾಲಿಗೆಗೆ ಅಷ್ಟಿಷ್ಟು ತಿಳಿಯುತ್ತಿದ್ದವು. ಮಸಾಲೆ ಹಸಿಯಾಗಿದೆಯೋ ಸೀದಿದೆಯೋ, ಎಣ್ಣೆ ಕಮಟಾಗಿದೆಯೋ, ನಿನ್ನೆಯ ಕಾಳು ಹಳಸಿದೆಯೋ, ಅದೊಂದೂ ಗೊತ್ತಾಗುತ್ತಿರಲಿಲ್ಲ. ಕೈ ಅಡುಗೆ ಮಾಡುತ್ತಿತ್ತು, ಮೂಗು ಸುಮ್ಮನೆ ಮುಖದ ಮೇಲೆ ಕೂತಿರುತ್ತಿತ್ತು.

ಆದ್ದರಿಂದ ದಿನಾ ಬೆಳಿಗ್ಗೆ, ಕಾಲೇಜಿಗೆ ಹೊರಡುವ ಮುನ್ನ, ನೀಲಾ ಒಲೆಯ ಮುಂದೆ ನಿಂತು ಒಂದೊಂದೇ ಚಮಚ ರುಚಿ ನೋಡುತ್ತಿದ್ದಳು. “ಎಣ್ಣಿಗಾಯಿಗೆ ಹುಳಿ ಸಾಲಂಗಿಲ್ಲ,” “ಸಾರಿನ್ಯಾಗ ಮೆಂತೆ ಕಪ್ಪಾಗೇತಿ,” ಎನ್ನುತ್ತಿದ್ದಳು. ರೊಟ್ಟಿಯ ಹೆಂಗಸರಿಗೆ ಈ ಕೆಲಸ ಕೊಡಬಾರದೇ ಎಂದರೆ ಈರವ್ವ ಒಪ್ಪುತ್ತಿರಲಿಲ್ಲ.

“ಅವರು ತಮ್ಮ ತಮ್ಮ ಮನಿ ರುಚಿ ಹೇಳ್ತಾರ. ನನ್ನ ಕೈ ಅಡಗಿ ಮೊದಲ ಹೆಂಗಿತ್ತು ಅಂತ ಗೊತ್ತಿರಾಕಿ ನೀ ಒಬ್ಬಾಕಿ. ನನಗ ಅದು ನೆನಪ ಬರವಲ್ದು.”

ಅಂದರೆ ಈರವ್ವನ ರುಚಿ ಈರವ್ವನಲ್ಲಿ ಉಳಿದಿರಲಿಲ್ಲ. ಅದು ಇದ್ದದ್ದು ಮಗಳ ನೆನಪಿನಲ್ಲಿ ಮಾತ್ರ. ಆ ನೆನಪಿನೊಳಗೇ ನೀಲಾ ಗೂಟ ಹೊಡೆಸಿಕೊಳ್ಳುತ್ತಿದ್ದಳು.

ಮೊದಲು ತಿಳಿದದ್ದು ಗಿಣ್ಣದಲ್ಲಿ. ಗೌಳಿಗರು ಹಾಲು ಕೊಟ್ಟ ದಿನ ಈರವ್ವ ತಾಟಿನಲ್ಲಿ ತುಂಡು ಇಟ್ಟು ಕೊಟ್ಟಳು. ನೀಲಾ ಬಾಯಿಗೆ ಹಾಕಿದಳು. ಪುಡಿಯಾಗುತ್ತಿದ್ದಂತೆ ಪರದೆಯ ಮೇಲಿನ ಸೀಳಿದ ಗಂಟು ನಾಲಿಗೆಯ ಮೇಲೆ ಬಂದು ಕೂತಿತು. ಬಚ್ಚಲಿಗೆ ಓಡಿದಳು.

“ಯಾಕ? ಕೆಟ್ಟೈತೇನು?” ಎಂದಳು ಈರವ್ವ, ತಾಟನ್ನು ಮೂಗಿನ ಹತ್ತಿರ ಒಯ್ದು, ಮತ್ತೆ ತನ್ನ ಮೂಗಿನ ಸ್ಥಿತಿ ನೆನಪಾಗಿ ಕೆಳಗಿಳಿಸಿ.

“ಇಲ್ಲವ್ವಾ. ಚೊಲೊ ಐತಿ. ಹೊಟ್ಟಿ ಸರಿ ಇಲ್ಲ ನಂದು.”

ಆಮೇಲೆ ಗೊಜ್ಜು. ಗೊಜ್ಜು ಕಂಡರೆ ಯಕೃತ್ತಿನಲ್ಲಿ ಕಟ್ಟಿದ ಕೀವು. ಸಾಬೂದಾನಿ ಕಂಡರೆ ಗುಲ್ಮದೊಳಗೆ ಮಿಂಚುವ ಕಾಳುಗಳು. ಅಕ್ಕಿ ತೊಳೆದ ನೀರು ಕಂಡರೆ ಕಾಲರಾ. ಕೊನೆಗೆ ರೊಟ್ಟಿ. ಗೊಜ್ಜು ಬಿಡಬಹುದು, ಗಿಣ್ಣ ಬಿಡಬಹುದು. ರೊಟ್ಟಿ ಬಿಟ್ಟು ಹುಬ್ಬಳ್ಳಿಯಲ್ಲಿ ಬದುಕುವುದು ಹೇಗೆ?

ಕಾಲೇಜಿನಲ್ಲಿ ಮಾತ್ರ ಆಕೆಯ ಭಾಗ್ಯ ತೆರೆದಿತ್ತು. ಒಳಪರೀಕ್ಷೆಯಲ್ಲಿ ಮೇಲಿನ ಸಾಲಿಗೆ ಬಂದಳು. ಬಸವನ ಬಾಗೇವಾಡಿಯ ಕಡೆಯ ಸಂಗನಬಸು, ಎಲ್ಲರ ಬಾಯಲ್ಲಿ ಸಂಗು, ಆಕೆಯ ಬೆಂಚಿನವನು. ಅವನು ಸೂಕ್ಷ್ಮದರ್ಶಕದ ಸ್ಲೈಡಿಗೆ ಕಣ್ಣಿಡುವ ಮುನ್ನವೇ ಉತ್ತರ ಹೇಳುತ್ತಿದ್ದ. ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಅನ್ನ ಉಳಿಯತೊಡಗಿತ್ತು. ಹುಡುಗರು ಬಿಸ್ಕೀಟು, ಬಾಳೆಹಣ್ಣು ತಿಂದು ದಿನ ನೂಕುತ್ತಿದ್ದರು. ಬಾಳೆಹಣ್ಣಿಗೆ ಮೇಡಂ ಯಾವ ರೋಗವನ್ನೂ ಕಟ್ಟಿರಲಿಲ್ಲ.

“ಪರೀಕ್ಷಾ ಮುಗದ ಮ್ಯಾಲ ಎಲ್ಲಾ ಸರಿ ಹೋಗ್ತೈತಿ ಬಿಡ,” ಎನ್ನುತ್ತಿದ್ದ ಸಂಗು. “ಡಾಕ್ಟರ್ ಆಗಾಕ ಒಂದೀಟು ಸೊರಗಬೇಕಾಗ್ತೈತಿ.”

ಯಾವ ಅಡುಗೆಯೊಳಗಿಂದ ಯಾವ ರೋಗ ಎದ್ದು ಬರುವುದೋ ಎಂದು, ಮನೆಯಲ್ಲಿ ನೀಲಾ ಉಸಿರು ಹಿಡಿದು ಚಮಚವನ್ನು ತುಟಿಗೆ ತಾಗಿಸಿ ಇಳಿಸುವುದನ್ನು ಕಲಿತಳು. ತುಟಿಗೆ ತಾಗಿಸಿ, ಗುಟುಕರಿಸಿದಂತೆ ಮಾಡಿ, “ಚೊಲೊ ಐತಿ,” ಎನ್ನುವುದು. ದಿನಾ ಚೊಲೊ ಐತಿ. ಈರವ್ವ ನಂಬಿದಳು. ನಂಬದೆ ಆಕೆಗೆ ಬೇರೆ ದಾರಿ ಇರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ನೀಲಾ ಕಾಲೇಜಿನಿಂದ ಬರುವಾಗ ಖಾನಾವಳಿಯ ಬಾಗಿಲಲ್ಲಿ ಜನ ನಿಂತಿದ್ದರು. ಮಹಾಂತೇಶ ಕಾಕಾ ಎಂಬ ಬಸ್ ಕಂಡಕ್ಟರ್, ನೀಲಾ ಲಂಗ ತೊಡುತ್ತಿದ್ದ ಕಾಲದಿಂದ ಇಲ್ಲೇ ಉಣ್ಣುವವರು, ಕೈ ತೊಳೆದು ಟವೆಲಿಗೆ ಒರೆಸಿಕೊಳ್ಳುತ್ತಿದ್ದರು. ತಾಟಿನ ತುಂಬಾ ಊಟ ಹಾಗೇ ಇತ್ತು.

“ಈರವ್ವ, ಏನ್ ಹಾಕೀದಿ ಎಣ್ಣಿಗಾಯಿಗೆ? ನಮ್ಮ ಡಿಪೊದಾಗಿನ ಗ್ರೀಸ್ ಏನಾರ ತಂದೀಯೇನು?”

ಕೆಲವರು ನಕ್ಕರು. ಶೇಂಗಾ ಎಣ್ಣೆಯ ಡಬ್ಬಿ ಕಮಟು ಹಿಡಿದಿತ್ತು. ಬಾಗಿಲಿಗೇ ಹೊಡೆಯುತ್ತಿತ್ತು ವಾಸನೆ. ಆ ಓಣಿಯಲ್ಲಿ ಅದು ತಿಳಿಯದವಳು ಈರವ್ವ ಒಬ್ಬಳೇ. ನೀಲಾ ಒಪ್ಪಿದ ಮೇಲೆ ರೊಟ್ಟಿಯ ಹೆಂಗಸರೂ ಬಾಯಿ ಬಿಟ್ಟಿರಲಿಲ್ಲ.

“ಮುಂಜಾನಿ ನಮ್ ನೀಲಾ ನೋಡ್ಯಾಳಲ್ರೀ. ಚೊಲೊ ಐತಿ ಅಂದ್ಳು,” ಎಂದಳು ಈರವ್ವ. ಬಾಗಿಲಲ್ಲಿ ನಿಂತ ಮಗಳನ್ನು ಕಂಡಳು. ಮಗಳ ಮುಖ ಕಂಡು ಗಿರಾಕಿಗಳ ಕಡೆ ತಿರುಗಿದಳು. ಎಲ್ಲರ ತಾಟನ್ನೂ ತಾನೇ ಎತ್ತಿದಳು. ಬಾಗಿಲು ಮುಂದೆ ಮಾಡಿದಳು.

ಒಳಗೆ ರೊಟ್ಟಿಯ ಹೆಂಗಸರು ಸದ್ದಿಲ್ಲದೆ ಹಿಟ್ಟು ಮುಚ್ಚಿಟ್ಟು ಹಿತ್ತಲಿಗೆ ಹೋದರು. ಈರವ್ವ ಮಣೆಯ ಮೇಲೆ ಕೂತಳು.

“ರುಚಿ ನೋಡಿದ್ದಿಲ್ಲಾ ನೀ.”

ನೀಲಾ ತಲೆಯಲ್ಲಾಡಿಸಿದಳು.

“ಎಂದಿನಿಂದ?”

“ಬಾಳ ದಿವಸ ಆತವ್ವಾ.”

“ನನ್ನ ಬಾಯಿ ನೀನ ಅದಿ. ನೀನ ಸುಳ್ಳ ಹೇಳಿದ್ರ ನಾ ಯಾರ್ನ ಕೇಳ್ಲಿ?” ಈರವ್ವ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಆಗ ನೀಲಾ ಗೂಟದ ಕಥೆಯೆಲ್ಲ ಹೇಳಿದಳು. ಗಿಣ್ಣ ಯಾವ ರೋಗ, ಗೊಜ್ಜು ಯಾವ ರೋಗ, ರೊಟ್ಟಿ ಯಾವ ರೋಗ. ಈರವ್ವ ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದಳು. ಕೊನೆಗೆ ಸೆರಗು ತೆಗೆದು ಕೇಳಿದ್ದು ಒಂದೇ ಮಾತು.

“ಪಾಸಾಗ್ತೀ ಇಲ್ಲೋ ಇದರಿಂದ?”

“ಆಗ್ತೀನಿ.”

“ಹಂಗಾರ ಅಡಗಿಮನಿ ಕಡೆ ಬರಬ್ಯಾಡ. ಪರೀಕ್ಷಾ ಮುಗೀಲಿ. ನಾ ಅನ್ನ ಸಾರು ಅಷ್ಟ ಮಾಡ್ಕೊಂಡ ಇರ್ತೀನಿ.”

ನೀಲಾಳಿಗೆ ಅವ್ವನ ಬೈಗುಳ ತಡೆದುಕೊಳ್ಳಬಹುದಿತ್ತು. ಈ ಒಪ್ಪಿಗೆ ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಆಕೆ ನೇರ ಪ್ರಯೋಗಾಲಯಕ್ಕೆ ಹೋದಳು.

ಮುಲ್ಲಾ ಮೇಡಂ ಪರದೆಯಲ್ಲಿ ನೀಲಾಳ ಗೆರೆಗಳನ್ನು ತೆಗೆದು ಬಹಳ ಹೊತ್ತು ನೋಡಿದರು. ಗಿಣ್ಣದ ಗೆರೆ ಮೊದಲ ದಿನಕ್ಕಿಂತ ಎತ್ತರ. ರೊಟ್ಟಿಯದು ಪರದೆಯ ಅಂಚು ಮುಟ್ಟಿತ್ತು.

“ಕಂಪನಿಯವರ ಪುಸ್ತಕದಾಗ, ಗೂಟ ತಾನ ಸಡ್ಲ ಆಗ್ತೈತಿ ಅಂತ ಬರದಾರ,” ಎಂದರು. “ಅವರೇನು ಜಾಜಿಕಾಯಿ ದಿನಾ ಸೀಳಿ ತಿಂತಾರೇನು? ವರ್ಷಕ್ಕೊಮ್ಮೆ ನೆನಪಾದ್ರ ಹೆಚ್ಚು. ಸಡ್ಲ ಆಗ್ದ ಏನ್ ಮಾಡ್ತೈತಿ. ನಾವು ದಿನಾ ರೊಟ್ಟಿ ತಿಂತೀವಿ. ಒಂದೊಂದ ತುತ್ತಿಗೂ ಗ್ವಾಡಿ ಹಸಿ ಆಗ್ತೈತಿ, ಒಂದೊಂದ ತುತ್ತಿಗೂ ಗೂಟ ಇನ್ನೀಟು ಒಳಗ ಹೋಗ್ತೈತಿ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹುಡುಗ್ರಿಗೆ ಸಸಾರ ಆಗ್ಲಿ ಅಂತ ಊಟದ ತಾಟಿಗೆ ಕೈ ಹಾಕಿದೆ ನೋಡು. ಬ್ಯಾರೆ ಏನಾರ ಸಿಗಲಿಲ್ಲ ನನಗ.”

“ಪರೀಕ್ಷಾ ಮುಗಿಯೂತನ ಬಿಟ್ರ?”

“ಒಂದೂವರಿ ತಿಂಗಳ ಐತಿ. ದಿನಾ ಬಡದ್ರ ಆಮ್ಯಾಲ ಬರಂಗಿಲ್ಲ ಅದು.”

“ಈಗ ಕೀಳಬೋದೇನ್ರಿ?”

“ಯಂತ್ರದಿಂದ ಆಗೂದಿಲ್ಲ. ಯಂತ್ರಕ್ಕ ಬಡಿಯೂದಷ್ಟ ಗೊತ್ತು. ಆದ್ರ ಗ್ವಾಡಿ ಹಸಿ ಮಾಡಾಕ ಯಂತ್ರ ಯಾಕ ಬೇಕು? ತಿಂದ್ರ ಸಾಕು, ತಾನ ಹಸಿ ಆಗ್ತೈತಿ. ಆ ಹೊತ್ತಿನ್ಯಾಗ ನೀನ ಕೀಳಬೇಕು. ಕಿತ್ತ ತೂತಿನ್ಯಾಗ ಬ್ಯಾರೆ ಏನಾರ ತುಂಬಬೇಕು. ಖಾಲಿ ಬಿಟ್ರ ರೋಗನ ಬಂದ ಕೂಡತೈತಿ.” ಮೇಡಂ ಉಳಿದದ್ದನ್ನೂ ಹೇಳಿದರು. “ಇನ್ನೊಂದ. ಗೂಟ ಕಿತ್ರ ಗೂಟಕ್ಕ ಕಟ್ಟಿದ್ದೂ ಹೋಗ್ತೈತಿ ನೀಲಾ. ಓದಿದ್ದೆಲ್ಲಾ ಹೊಸದಾಗಿ ಕಲೀಬೇಕಾಗ್ತೈತಿ. ಈಗ ಕಿತ್ಕೊಂಡ್ರ ನೀ ಮತ್ತ ನಪಾಸ ಆಗಬೋದು. ವಿಚಾರ ಮಾಡು.”

ನೀಲಾ ಕಾಲೇಜಿನ ಮೆಟ್ಟಿಲ ಮೇಲೆ ಕೂತು ವಿಚಾರ ಮಾಡಿದಳು. ಪಾಸಾಗುವುದು ಒಂದು ಕಡೆ. ಅವ್ವನ ರುಚಿ ಇನ್ನೊಂದು ಕಡೆ. ಪರೀಕ್ಷೆ ಹೋದರೆ ಮತ್ತೆ ಬರೆಯಬಹುದು. ರುಚಿ ಹೋದರೆ ಅದರ ಇನ್ನೊಂದು ಪ್ರತಿ ಲೋಕದಲ್ಲಿ ಎಲ್ಲಿಯೂ ಇಲ್ಲ. ಆದರೆ ಪರೀಕ್ಷೆಯನ್ನು ಹಾಗೆ ಕೈಬಿಡಲೂ ಆಕೆಗೆ ಮನಸ್ಸಿರಲಿಲ್ಲ. ಎರಡೂ ಬೇಕು ಎಂದುಕೊಂಡಳು. ಬೇಕು ಎಂದುಕೊಂಡ ಮೇಲೆ ಎದ್ದಳು.

ಕಾಲೇಜಿನ ಎದುರಿನ ಅಂಗಡಿಯಲ್ಲಿ ಗುಲಾಬಿ ಮತ್ತು ನೇರಳೆ ಪೆನ್ಸಿಲು ಕೇಳಿದಳು. ಸ್ಲೈಡುಗಳಿಗೆ ಹಾಕುವ ಬಣ್ಣ ಆ ಎರಡೇ. ಜೀವಕೋಶದ ನಡುವಿನ ಬೀಜ ನೇರಳೆ, ಸುತ್ತಲಿನದೆಲ್ಲ ಗುಲಾಬಿ. ಹಿಂದೆ ಹುಡುಗರೆಲ್ಲ ಆ ಪೆನ್ಸಿಲುಗಳಿಂದಲೇ ಚಿತ್ರ ಬರೆದು ಕಲಿಯುತ್ತಿದ್ದರು. ಗೂಟ ಬಂದ ಮೇಲೆ ಯಾರೂ ಕೊಂಡಿರಲಿಲ್ಲ. ಅಂಗಡಿಯವನು ಅಟ್ಟದಿಂದ ಡಬ್ಬಿ ಇಳಿಸಿ ಉಫ್ ಎಂದು ಧೂಳು ಊದಿದ.

ಈರವ್ವ ಮೊದಲು ಒಪ್ಪಲೇ ಇಲ್ಲ.

“ಹುಚ್ಚಿ ಅದಿಯೇನ? ತಲಿಯಾಗ ಕೂತಿದ್ದನ್ನ ಯಾರಾರ ಕಿತ್ತ ಒಗೀತಾರೇನ? ಖಾನಾವಳಿ ಹಾಳಾಗ್ ಹೋಗ್ಲಿ.”

“ಖಾನಾವಳಿ ಸಲುವಾಗಿ ಅಲ್ಲವ್ವಾ.”

“ಮತ್ತ?”

“ಉಣ್ಣಾಕ. ನಿನ್ನ ಕೈಯಾಂದು ಉಣ್ಣಾಕ. ಗಿಣ್ಣ ಹಾಕು.”

ಅಂದಿನಿಂದ ಊಟವೆಂಬುದು ನೀಲಾಳಿಗೆ ಕುಸ್ತಿಯಾಯಿತು. ಕಾಲೇಜಿನಿಂದ ಬಂದು ಕೈಕಾಲು ತೊಳೆದು, ತಾಟಿನ ಮುಂದೆ ಕೂರುತ್ತಿದ್ದಳು. ಈರವ್ವ ಎದುರಿಗೆ ಕೂರುತ್ತಿದ್ದಳು. ಮೊದಲ ದಿನ, ಗೌಳಿಗರು ಮತ್ತೆ ಕೊಟ್ಟ ಹಾಲಿನ ಗಿಣ್ಣ ನಾಲಿಗೆಯ ಮೇಲಿಟ್ಟ ಕೂಡಲೇ ಗಂಟು ಬಂತು. ನೀಲಾ ಉಗುಳಲಿಲ್ಲ. “ಕ್ಷಯ,” ಎಂದಳು ಗಟ್ಟಿಯಾಗಿ, ಮನೆಗೆ ಬಂದ ಬೇಡದ ನೆಂಟನನ್ನು ಹೆಸರು ಹಿಡಿದು ಕರೆದಂತೆ. “ಈಗ ನೀ ಹೇಳವ್ವಾ. ಗಿಣ್ಣ ಮಾಡೂದು ಯಾರ ಕಲಿಸಿದ್ರು ನಿನಗ?”

“ಯಾರ ಕಲಿಸ್ತಾರ. ಲಗ್ನ ಆಗಿ ಬಂದ ಹೊಸದಾಗಿ ನಿಮ್ಮಜ್ಜಿ ಮುಂದ ಮಾಡಿದೆ. ಮೊದಲನೇ ಸಲ ಉಕ್ಕಿ ಒಲಿ ತುಂಬ ಹೋತು. ಎರಡನೇ ಸಲ ಕಲ್ಲಾತು. ನಿಮ್ಮಪ್ಪ ಅದನ್ನ ತಗೊಂಡ ಗ್ವಾಡಿಗೆ ಮೊಳಿ ಹೊಡೀತೀನಿ ಅಂದ.”

ನೀಲಾಳಿಗೆ ನಗು ಬಂತು. ನಗುವಾಗ ನುಂಗಿದಳು. ಒಂದು ತುತ್ತು. ಅಷ್ಟರಲ್ಲೇ ಬೆವರಿದ್ದಳು.

“ಸಾಕು ಇವತ್ತ,” ಎಂದಳು ಈರವ್ವ.

“ಇನ್ನೊಂದ ಹಾಕು.”

ಬೆಳಿಗ್ಗೆ ಕಾಲೇಜಿನ ಸಂಗ್ರಹಾಲಯ. ಸಾಲು ಸಾಲು ಗಾಜಿನ ಭರಣಿಗಳು, ಅವುಗಳೊಳಗೆ ಯಾರ ಯಾರದೋ ಒಡಲಿನ ತುಂಡುಗಳು. ಗೂಟ ಬಂದ ಮೇಲೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ನೀಲಾ ಒಂದೊಂದು ಭರಣಿಯ ಮುಂದೆ ಸ್ಟೂಲು ಹಾಕಿಕೊಂಡು ನೋಡಿ ಬರೆಯುತ್ತಿದ್ದಳು. ಚೆನ್ನಾಗಿ ಬರುತ್ತಿರಲಿಲ್ಲ. ಯಕೃತ್ತು ಒಮ್ಮೆ ಚಪ್ಪಲಿಯಂತಾಯಿತು. ಹರಿದು ಮತ್ತೆ ಬರೆದಳು. ಬರೆಯಬೇಕಾದರೆ ನೋಡಲೇಬೇಕು. ಈ ಕೆಂಪು ಎಲ್ಲಿ ನಿಲ್ಲುತ್ತದೆ, ಹಳದಿ ಎಲ್ಲಿ ಶುರುವಾಗುತ್ತದೆ, ಯಾಕೆ ಅಲ್ಲೇ ನಿಲ್ಲುತ್ತದೆ? ಗೂಟ ಆಕೆಗೆ ಹೆಸರು ಕೊಟ್ಟಿತ್ತು. ಯಾಕೆ ಎಂಬುದನ್ನು ಕೇಳಲು ಬಿಡುವು ಕೊಟ್ಟಿರಲಿಲ್ಲ.

ಹಾದುಹೋಗುತ್ತಿದ್ದ ಸಂಗು ಬಾಗಿಲಲ್ಲಿ ಇಣುಕಿದ. “ಏನ್ ನೀಲಾ, ಚಿತ್ರಕಲಾ ಪರೀಕ್ಷಾ ಕಟ್ಟೀಯೇನು?”

“ಹೂಂ. ನಿನ್ನ ಚಿತ್ರಾನೂ ಬರೀತೀನಿ ನಿಂದರು. ಬರೇ ಎಲುಬು. ಲಗೂನ ಮುಗೀತೈತಿ.”

ಅವನು ತನ್ನ ಅಂಗಿಯ ಕಾಲರು ಸರಿಮಾಡಿಕೊಂಡು ಹೋದ. ಕಾಲರಿನೊಳಗೆ ಇನ್ನೊಂದು ಕುತ್ತಿಗೆಗೆ ಜಾಗವಿತ್ತು.

ದಿನಗಳು ಹೋದಂತೆ ಗೂಟಗಳು ಒಂದೊಂದೇ ಅಲುಗಿದವು. ಸಾಬೂದಾನಿ ಬೇಗ ಬಿಟ್ಟಿತು. ಗೊಜ್ಜು ಸತಾಯಿಸಿತು. ರೊಟ್ಟಿಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಈರವ್ವ ಹೇಳಿದ್ದನ್ನೇ ಹೇಳಬೇಕಾಯಿತು: ನೀರು ಎಷ್ಟು ಕುದಿಯಬೇಕು, ಹಿಟ್ಟಿನ ಜಿಗಿ ಹೇಗೆ ತಿಳಿಯುತ್ತದೆ, ಬಡಿಯುವಾಗ ಅಂಗೈ ಎಲ್ಲಿ ತಿರುಗುತ್ತದೆ. ಹೇಳುತ್ತ ಹೇಳುತ್ತ ಆಕೆಗೂ ಮರೆತದ್ದು ನೆನಪಾಗುತ್ತಿತ್ತು. ಜೊತೆಗೆ ಮೇಡಂ ಹೇಳಿದ್ದೂ ನಡೆಯುತ್ತಿತ್ತು. ರೊಟ್ಟಿ ರೊಟ್ಟಿಯಾದ ದಿನ, ಹೃದಯದ ಪೊರೆಯ ಬಗ್ಗೆ ನೀಲಾ ಓದಿದ್ದೆಲ್ಲ ಬಿಳಿ ಹಾಳೆಯಾಯಿತು. ಎದ್ದು ಹೋಗಿ ಅದೇ ಪಾಠವನ್ನು ಮೊದಲ ಸಾಲಿನಿಂದ ಹಿಡಿದಳು.

ಪರೀಕ್ಷೆಯ ಹಿಂದಿನ ವಾರ, ಬೆಳಿಗ್ಗೆ, ಆಕೆ ಒಲೆಯ ಮುಂದೆ ನಿಂತು ಎಣ್ಣೆಗಾಯಿಯ ಚಮಚವನ್ನು ಪೂರ್ತಿ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಯಾವ ರೋಗವೂ ಬರಲಿಲ್ಲ. ಬದನೆಕಾಯಿ ಬಂತು, ಶೇಂಗಾ ಬಂತು.

“ಹೆಂಗೈತಿ?” ಎಂದಳು ಈರವ್ವ. ಕೈಯಲ್ಲಿದ್ದ ಸೌಟು ನಿಂತಿತ್ತು.

“ಚೊಲೊ ಇಲ್ಲ. ಗುರೆಳ್ಳ ಹಸೀ ಅದಾವ. ಹುರಿಯಾಕ ಬ್ಯಾಸರ ಆಗಿತ್ತೇನ ನಿನಗ?”

ಈರವ್ವನ ಮುಖ ಅರಳಿತು. ತನ್ನ ಅಡುಗೆಯಲ್ಲಿ ಕೊರತೆ ತೋರಿಸಿದ್ದಕ್ಕೆ ಯಾರಾದರೂ ಅಷ್ಟು ಹಿಗ್ಗಿದ್ದನ್ನು ರೊಟ್ಟಿಯ ಹೆಂಗಸರು ಕಂಡಿರಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ಗುರೆಳ್ಳು ಹುರಿಯುತ್ತ ಆಕೆಯೇ ಕೇಳಿದಳು.

“ನೀಲಾ, ಈಗ ನಿನಗ ನೆನಪಿರೂದು ನನ್ನ ಹಳೀ ರುಚಿಯೋ? ಇಷ್ಟ ದಿವಸ ತಿಂದಿಯಲ್ಲ, ಈ ರುಚಿಯೋ?”

ನೀಲಾ ಅದನ್ನು ಯೋಚಿಸಿಯೇ ಇದ್ದಳು. ಗೋಡೆ ಅಷ್ಟು ಸಲ ಹಸಿಯಾಗಿ ಅಷ್ಟು ಸಲ ಒಣಗಿತ್ತು. ಹಿಂದಿನ ಮಣ್ಣೇ ಉಳಿದಿದೆ ಎನ್ನಲು ಆಧಾರವಿರಲಿಲ್ಲ.

“ಗೊತ್ತಿಲ್ಲವ್ವಾ. ಇನ್ ಮ್ಯಾಲ ಇದ ನಿನ್ನ ರುಚಿ. ಹುರಿ, ಸೀದೀತು.”

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಬಂದ ಪರೀಕ್ಷಕರು ಬಿಳಿ ಮೀಸೆಯ ಹಿರಿಯರು. ನೀಲಾಳಿಗಿಂತ ಮುಂಚೆ ಒಳಗೆ ಹೋದ ಸಂಗು ಆಕೆ ನೀರು ಕುಡಿದು ಮುಗಿಸುವಷ್ಟರಲ್ಲಿ ಹೊರಗೆ ಬಂದಿದ್ದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆನೆಂದು ಕಣ್ಣಲ್ಲೇ ಸನ್ನೆ ಮಾಡಿದ.

ಪರೀಕ್ಷಕರು ಭರಣಿಯೊಂದನ್ನು ಮುಂದೆ ಸರಿಸಿದರು. “ಏನಿದು?”

ನೀಲಾಳ ತಲೆಯೊಳಗಿನಿಂದ ಯಾವುದೂ ಜಿಗಿದು ಬರಲಿಲ್ಲ. ಆಮೇಲೆ ಭರಣಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಯಕೃತ್ತಿನ ತುಂಡು ಸರ್. ಕಡು ಕೆಂಪು ಚುಕ್ಕೆಗಳಿವೆ, ಪ್ರತಿ ಚುಕ್ಕೆಯ ಸುತ್ತ ಹಳದಿ.” ನಿಧಾನವಾಗಿ ಹೇಳಿದಳು, ಪೆನ್ಸಿಲು ಹಿಡಿದು ಗೆರೆಯ ಮೇಲೆ ಹೋಗುವಂತೆ. “ಚುಕ್ಕೆಯ ನಡುವೆ ಸಣ್ಣ ರಕ್ತನಾಳ ಇರುತ್ತದೆ. ರಕ್ತ ಅಲ್ಲಿಂದ ಹೃದಯಕ್ಕೆ ಹೋಗಬೇಕು. ಹೋಗಲಾಗದೆ ಅಲ್ಲೇ ನಿಂತಿದೆ, ಅದಕ್ಕೆ ಕೆಂಪು. ಸುತ್ತಲಿನ ಜೀವಕೋಶಗಳಿಗೆ ಉಸಿರು ಸಾಲದೆ ಕೊಬ್ಬು ತುಂಬಿದೆ, ಅದಕ್ಕೆ ಹಳದಿ. ಕೆಟ್ಟದ್ದು ಮೊದಲು ಯಕೃತ್ತಲ್ಲ ಸರ್. ಇವರ ಹೃದಯದ ಬಲಭಾಗ ಸೋತಿದೆ.”

ಪರೀಕ್ಷಕರು ಪೆನ್ನು ಕೆಳಗಿಟ್ಟರು. “ಅಡಿಕೆ ಸೀಳಿದ ಹಾಗಿದೆ ಅಂತ ಹೇಳಲಿಲ್ಲವಲ್ಲ ನೀವು? ಬೆಳಿಗ್ಗೆಯಿಂದ ನಿಮ್ಮ ಕಾಲೇಜಿನವರೆಲ್ಲ ಅದನ್ನೇ ಹೇಳುತ್ತಿದ್ದಾರೆ.”

“ಹಾಗೂ ಕಾಣುತ್ತದೆ ಸರ್,” ಎಂದಳು ನೀಲಾ. “ಆದರೆ ಇದು ಯಕೃತ್ತು.”

ಅವರು ನಕ್ಕರೋ ಇಲ್ಲವೋ ಮೀಸೆಯಿಂದಾಗಿ ತಿಳಿಯಲಿಲ್ಲ. ಮುಂದಿನ ಎರಡು ಸ್ಲೈಡುಗಳಲ್ಲಿ ಒಂದನ್ನು ಹೇಳಿದಳು. ಇನ್ನೊಂದು ಬರಲಿಲ್ಲ. ಬರುವುದಿಲ್ಲ ಎಂದೇ ಹೇಳಿ ಎದ್ದಳು.

ಫಲಿತಾಂಶದ ದಿನ ಸಂಗು ಕಾಲೇಜಿಗೇ ಎರಡನೆಯವನು. ನೀಲಾ ಪಾಸು. ಪಾಸೆಂದರೆ ಪಾಸಷ್ಟೇ. ಹೊಸಿಲಿಗೆ ಕಾಲು ತಾಗಿಸಿಕೊಂಡು ಒಳಗೆ ಬಂದಂತೆ. ಈರವ್ವನಿಗೆ ಅಂಕಗಳ ಲೆಕ್ಕ ಬೇಕಿರಲಿಲ್ಲ. ಎಮ್ಮೆ ಈದ ಸುದ್ದಿ ಬಾರದಿದ್ದರೂ ಗೌಳಿಗರ ಮನೆಗೆ ಎರಡು ಸಲ ಹೋಗಿ ಬಂದಳು.

ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಗಿರಾಕಿಗಳು ಹೋಗಿ ಖಾನಾವಳಿ ಖಾಲಿಯಾದ ಹೊತ್ತಿನಲ್ಲಿ, ಸಂಗು ಬಂದು ಬಾಗಿಲಲ್ಲಿ ನಿಂತ. ಗಲ್ಲ ಒಳಗೆ ಹೋಗಿತ್ತು. ಬೆಲ್ಟಿಗೆ ಹೊಸ ತೂತು ಹಾಕಿದ್ದ. ಪರೀಕ್ಷೆ ಮುಗಿದಿತ್ತು, ಯಾವುದೂ ಸರಿ ಹೋಗಿರಲಿಲ್ಲ.

“ಊರಿಗೆ ಹೋಗಿದ್ದೆ,” ಎಂದ. “ನಮ್ಮವ್ವ ಬಡದ ರೊಟ್ಟಿ ಉಗುಳಿದೆ ನೀಲಾ. ಆಕೀ ಮುಂದ.” ಆಮೇಲೆ ಗೋಡೆ ನೋಡುತ್ತ ಕೇಳಿದ. “ಹೆಂಗ ಕಿತ್ತಿ ನೀ?”

“ಕುತ್ಕೋ.”

ನೀಲಾ ಒಳಗೆ ಹೋಗಿ ತಾಟು ತಂದಳು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಸಂಗು ಅದನ್ನು ಕಂಡು ಕುರ್ಚಿ ಹಿಂದೆ ಸರಿಸಿದ. ಆಕೆ ಕುರ್ಚಿಯ ಹಿಂದೆ ಬಂದು ನಿಂತಳು.

“ಇದು ನಿಮ್ಮವ್ವನ ರೊಟ್ಟಿ ಅಲ್ಲ, ನಮ್ಮವ್ವಂದು. ತೂತಿನ್ಯಾಗ ತುಂಬೂದು ನನ್ನ ಕಡೆ ಇಲ್ಲ. ಫೋನ್ ಹಚ್ಚು.”

“ಯಾರಿಗೆ?”

“ನಿಮ್ಮವ್ವಗ. ಹಿಟ್ಟ ಹೆಂಗ ನಾದ್ತಾಳ ಕೇಳು. ಆಕಿ ಹೇಳ್ಕೋತ ಇರ್ಲಿ, ನೀ ತಿನ್ಕೋತ ಇರು. ಇವತ್ತ ಒಂದ ತುತ್ತು. ನಾಳೆ ಮತ್ತ ಬಾ.”

ಸಂಗು ಫೋನನ್ನು ಮೇಜಿನ ಮೇಲಿಟ್ಟು ಹಚ್ಚಿದ. ರೊಟ್ಟಿಯ ತುದಿ ಮುರಿದು ಕೈಯಲ್ಲಿ ಹಿಡಿದ. ಆಚೆ ಕಡೆ ಯಾರೋ ಫೋನು ಎತ್ತಿದರು, ಹಿಂದೆ ಎಲ್ಲೋ ಕೋಳಿ ಕೂಗಿತು.

“ಯವ್ವಾ,” ಎಂದ ಸಂಗು, “ರೊಟ್ಟಿ ಹೆಂಗ ಮಾಡ್ತಿ ನೀ?”

ಬಾಗೇವಾಡಿಯ ಕಡೆಯಿಂದ ದನಿ ಬಂತು.

“ಯಾಕಪಾ? ಹಸಿವಿ ಆಗೇತೇನು?”